ಕಾಲು ಕೊಟ್ಟ ಕೈಸಾಲ

(ಸಂಘದ ವಾರ್ಷಿಕ ಸಮ್ಮೇಳನದಲ್ಲಿ ಮಾಡಿದ ಪ್ರಧಾನ ಭಾಷಣದ ಬರಹರೂಪ)



ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಪರೀಕ್ಷೆ. ದಯವಿಟ್ಟು ಎಲ್ಲರೂ ಜೇಬಿಗೆ ಕೈ ಹಾಕಿ. ಒಂದು ದಿರ್ಹಮ್ ನಾಣ್ಯ, ಐವತ್ತು ಫಿಲ್ಸ್ ನಾಣ್ಯ ಎರಡೂ ಇದ್ದರೆ, ನೋಡದೆ ಯಾವುದು ಯಾವುದೆಂದು ಹೇಳಿ. ಸುಲಭ, ಅಲ್ಲವೇ? ದಿರ್ಹಮ್ ದುಂಡಗಿದೆ, ಐವತ್ತು ಫಿಲ್ಸ್‌ಗೆ ಏಳು ಮೂಲೆಗಳಿವೆ. ಅದನ್ನು ಎಣಿಸಿ ಹೇಳಿದ್ದು ಕಣ್ಣಲ್ಲ, ಬೆರಳಿನ ತುದಿ. ಈಗ ಅದೇ ನಾಣ್ಯವನ್ನು ಮೊಣಕೈ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಹೇಳಿ ನೋಡೋಣ. ಆಗುವುದಿಲ್ಲ. ನಾನು ಇವತ್ತು ಮಾತಾಡಲು ಬಂದಿರುವುದು ಆ ಒಂದು ಇಂಚಿಗಿಂತ ಕಡಿಮೆ ಜಾಗದ ಬಗ್ಗೆ. ಅದು ಹೋದರೆ ಏನಾಗುತ್ತದೆ, ಅದನ್ನು ಮತ್ತೆ ಕಟ್ಟಲು ಕಾಲಿನ ಬೆರಳಿನಿಂದ ಹೇಗೆ ಸಾಲ ಪಡೆಯಬಹುದು, ಆ ಸಾಲ ಯಾರಿಗೆ ಬೇಕು, ಯಾರಿಗೆ ಬೇಡ ಎನ್ನುವ ಬಗ್ಗೆ.

ನಾನು ಕೈಯ ಶಸ್ತ್ರಚಿಕಿತ್ಸಕ. ಈ ದೇಶದಲ್ಲಿ ನನ್ನ ಟೇಬಲ್ಲಿಗೆ ಬರುವ ಕೈಗಳಲ್ಲಿ ಹೆಚ್ಚಿನವು ಕೆಲಸದ ಕೈಗಳು. ಎಸಿ ಯೂನಿಟ್ಟಿನ ಬೆಲ್ಟಿಗೆ ಸಿಕ್ಕಿದ್ದು, ಮರ ಕೊಯ್ಯುವ ಯಂತ್ರಕ್ಕೆ ತಾಗಿದ್ದು, ಲಾರಿಯ ಹಿಂಬಾಗಿಲಿಗೆ ಜಜ್ಜಿದ್ದು, ಅಡುಗೆಮನೆಯ ಸ್ಲೈಸರಿನಲ್ಲಿ ಕತ್ತರಿಸಿದ್ದು. ಇವುಗಳಲ್ಲಿ ಬಹಳಷ್ಟು ಬೆರಳ ತುದಿಯ ಗಾಯಗಳೇ. ಕಾರಣ ಸರಳ. ಎಲ್ಲಕ್ಕಿಂತ ಮುಂದೆ ಹೋಗುವುದು ತುದಿ, ಎಲ್ಲಕ್ಕಿಂತ ಕೊನೆಗೆ ಹಿಂದೆ ಬರುವುದೂ ತುದಿ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಊರಿನಲ್ಲಿ ನಾನು ಇನ್ನೂ ಕಲಿಯುತ್ತಿದ್ದ ಕಾಲ. ಒಂದು ರಾತ್ರಿ ಮೂವತ್ತರ ಆಸುಪಾಸಿನ ಒಬ್ಬರು ಬಂದರು. ಬೈಕಿನ ಎಂಜಿನ್ ಚಾಲೂ ಇಟ್ಟುಕೊಂಡೇ ಬಟ್ಟೆಯಿಂದ ಚೈನ್ ಒರೆಸುತ್ತಿದ್ದಾಗ ಬಟ್ಟೆಯ ಜೊತೆ ಬಲಗೈ ಹೆಬ್ಬೆರಳೂ ಒಳಗೆ ಹೋಗಿತ್ತು. ಹೆಬ್ಬೆರಳ ತುದಿಯ ಮೆತ್ತೆ ಪೂರ್ತಿ ಹೋಗಿ ಮೂಳೆ ಕಾಣುತ್ತಿತ್ತು. ನಾನು ಮೂಳೆಯನ್ನು ಸ್ವಲ್ಪ ಕತ್ತರಿಸಿ, ಉಳಿದ ಚರ್ಮವನ್ನು ಎಳೆದು ಮುಚ್ಚಿ ಹೊಲಿದೆ. ಅರ್ಧ ಗಂಟೆಯ ಕೆಲಸ. ಹತ್ತು ದಿನಕ್ಕೆ ಹೊಲಿಗೆ ಬಿಚ್ಚಿದಾಗ ಗಾಯ ಅಂದವಾಗಿ ಮಾಗಿತ್ತು. ‘ಹೊಲಿಗೆ ಚೆನ್ನಾಗಿ ಕೂತಿದೆ’ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಅವರು ಬೆರಳು ನೋಡಿಕೊಂಡು ಹೇಳಿದರು: ‘ನಿಮ್ಮ ಹೊಲಿಗೆ ಚೆನ್ನಾಗಿದೆ ಸಾರ್. ನನ್ನ ಹೊಲಿಗೆ ಹೋಯ್ತು.’

ಅವರು ಟೈಲರ್. ಗುಂಡಿ ಹೊಲಿಯುವುದು, ಅಂಚು ಮಡಿಸುವುದು, ಸೂಜಿಗೆ ದಾರ ಪೋಣಿಸುವುದು, ಎಲ್ಲವೂ ಆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ನಡೆಯುವ ಕೆಲಸ. ನಾನು ಅವರ ಹೆಸರು, ವಯಸ್ಸು, ಸಕ್ಕರೆ ಕಾಯಿಲೆ, ಕೊನೆಯ ಊಟದ ಹೊತ್ತು ಎಲ್ಲವನ್ನೂ ಕೇಳಿ ಬರೆದುಕೊಂಡಿದ್ದೆ. ಕೆಲಸವೇನೆಂದು ಕೇಳಿರಲಿಲ್ಲ. ಬೇರೆ ದಾರಿ ಇದೆಯೆಂದು ಹೇಳಿಯೂ ಇರಲಿಲ್ಲ. ಆ ರಾತ್ರಿ ಅವರಿಗೆ ಕಾಲಿನ ಬೆರಳಿನ ಕಸಿ ಮಾಡುವ ತರಬೇತಿ ನನಗಿರಲಿಲ್ಲ, ನಿಜ. ಆದರೆ ಗಾಯ ತೊಳೆದು, ಒದ್ದೆ ಬಟ್ಟೆ ಕಟ್ಟಿ, ಮೂಳೆ ಕತ್ತರಿಸದೆ, ಮಾಡಬಲ್ಲವರ ಬಳಿಗೆ ಕಳಿಸಬಹುದಿತ್ತು. ಅದಕ್ಕೆ ಬೇಕಾಗಿದ್ದದ್ದು ಒಂದು ಪ್ರಶ್ನೆ ಮಾತ್ರ: ‘ಈ ಬೆರಳಿನಿಂದ ನೀವು ಏನು ಮಾಡ್ತೀರಿ?’

ಬೆರಳ ತುದಿಯಲ್ಲಿ ಏನಿದೆ ನೋಡೋಣ. ಹಿಂಭಾಗದಲ್ಲಿ ಉಗುರು, ಉಗುರಿನ ಕೆಳಗೆ ಅದು ಹಾಸಿಕೊಂಡು ಬೆಳೆಯುವ ಮೃದು ಪದರ, ನಡುವೆ ಕೊನೆಯ ಸಣ್ಣ ಮೂಳೆ, ಮುಂಭಾಗದಲ್ಲಿ ಮೆತ್ತೆ. ಈ ಮೆತ್ತೆಯ ಚರ್ಮ ಮೈಯ ಬೇರೆ ಕಡೆಯ ಚರ್ಮದಂತಲ್ಲ. ಇದರಲ್ಲಿ ಕೂದಲಿಲ್ಲ. ಇದಕ್ಕೆ ಗೆರೆಗಳಿವೆ. ಇದು ಒಳಗಿನ ಮೂಳೆಗೆ ನೂರಾರು ಸಣ್ಣ ನಾರುಗಳಿಂದ ಬಿಗಿದುಕೊಂಡಿದೆ. ಅದಕ್ಕೇ ನೀವು ಸ್ಕ್ರೂಡ್ರೈವರ್ ಒತ್ತಿ ತಿರುಗಿಸಿದಾಗ ಚರ್ಮ ಜಾರುವುದಿಲ್ಲ. ಕೈಯ ಹಿಂಬದಿಯ ಚರ್ಮವನ್ನು ಹಿಡಿದು ಎಳೆದು ನೋಡಿ, ಎಷ್ಟು ಜಾರುತ್ತದೆ. ಅಂಥ ಚರ್ಮವನ್ನು ತಂದು ತುದಿಗೆ ಹಚ್ಚಿದರೆ ಗಾಯ ಮುಚ್ಚುತ್ತದೆ, ಹಿಡಿತ ಬರುವುದಿಲ್ಲ.

ಮೇಲಾಗಿ ಈ ಮೆತ್ತೆ ನರಗಳ ತುದಿಗಳಿಂದ ತುಂಬಿದೆ. ಮನೆಯಲ್ಲಿ ಒಂದು ಪೇಪರ್ ಕ್ಲಿಪ್ ಬಿಚ್ಚಿ ಎರಡು ಮೊನೆಗಳನ್ನು ಮೂರು ಮಿಲಿಮೀಟರ್ ದೂರದಲ್ಲಿಟ್ಟು ಬೆರಳ ತುದಿಗೆ ಮೆಲ್ಲಗೆ ತಾಗಿಸಿ. ಎರಡು ಮೊನೆಯೆಂದು ಗೊತ್ತಾಗುತ್ತದೆ. ಅದನ್ನೇ ಬೆನ್ನಿಗೆ ತಾಗಿಸಿದರೆ ಮೂರು ಸೆಂಟಿಮೀಟರ್ ದೂರವಿಟ್ಟರೂ ಒಂದೇ ಮೊನೆ ಅನಿಸಬಹುದು. ಕುರುಡರು ಬ್ರೈಲ್ ಓದುವುದು, ನಮ್ಮ ಅಮ್ಮಂದಿರು ಕತ್ತಲಲ್ಲೂ ಅಕ್ಕಿಯಲ್ಲಿನ ಕಲ್ಲು ಹುಡುಕುವುದು ಈ ಶಕ್ತಿಯಿಂದ.

ಹೀಗಾಗಿ ತುದಿ ಹೋದಾಗ ಅಂಥದ್ದೇ ಚರ್ಮ ಬೇಕು. ಗೆರೆಯಿರುವ, ಕೂದಲಿಲ್ಲದ, ಬಿಗಿಯಾಗಿ ಕೂರುವ, ಉಗುರನ್ನೂ ಕೊಡಬಲ್ಲ ಅಂಗಾಂಶ ಮೈಯಲ್ಲಿ ಇನ್ನೆಲ್ಲಿದೆ? ಕಾಲಿನ ಬೆರಳಲ್ಲಿ ಮಾತ್ರ.

ಇದು ಜನಕ್ಕೆ ಹೊಳೆದದ್ದು ಇತ್ತೀಚೆಗಲ್ಲ. ಆದರೆ ಮಾಡಲು ಬಹಳ ಕಾಲ ಬೇಕಾಯಿತು. ಅದಕ್ಕೆ ಕಾರಣ ತಿಳಿಯಲು ನಮ್ಮ ಕಡೆಯದೇ ಒಂದು ಹಳೆಯ ಸಂಗತಿ ಹೇಳುತ್ತೇನೆ. ಮೂರನೆಯ ಮೈಸೂರು ಯುದ್ಧದ ಸಮಯದಲ್ಲಿ ಇಂಗ್ಲಿಷರ ಸೈನ್ಯದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಿಗ ಸೆರೆ ಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಆಮೇಲೆ ಪುಣೆಯ ಹತ್ತಿರದ ಒಬ್ಬ ನಾಟಿ ಶಸ್ತ್ರವೈದ್ಯ ಅವನ ಹಣೆಯ ಚರ್ಮವನ್ನು ಕೆಳಗೆ ತಿರುಗಿಸಿ ಹೊಸ ಮೂಗು ಕಟ್ಟಿದ. ಇದರ ವಿವರ ಚಿತ್ರಸಹಿತವಾಗಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಝಿನ್’ನಲ್ಲಿ 1794ರ ಅಕ್ಟೋಬರಿನಲ್ಲಿ ಅಚ್ಚಾಯಿತು. ಯೂರೋಪಿನ ವೈದ್ಯರು ಅದನ್ನು ಓದಿ ಬೆರಗಾದರು. ಕಾವಸ್‌ಜಿಗೆ ಮೂಗು ಬಂತು. ಕೈ ಬರಲಿಲ್ಲ.

ಮೂಗು ಯಾಕೆ ಬಂತೆಂದರೆ ಹಣೆ ಪಕ್ಕದಲ್ಲೇ ಇದೆ. ಚರ್ಮದ ಒಂದು ಅಂಚನ್ನು ಹಣೆಗೆ ಅಂಟಿಸಿಯೇ ಬಿಟ್ಟು ತಿರುಗಿಸಿದರೆ ಆ ಅಂಚಿನಿಂದ ರಕ್ತ ಹರಿಯುತ್ತದೆ, ತುಂಡು ಬದುಕುತ್ತದೆ. ಕಾಲು ಕೈಯ ಪಕ್ಕದಲ್ಲಿಲ್ಲ. 1898ರ ಸುಮಾರಿಗೆ ಆಸ್ಟ್ರಿಯಾದ ಕಾರ್ಲ್ ನಿಕೊಲಾಡೊನಿ ಎಂಬ ಶಸ್ತ್ರವೈದ್ಯರು ಇದನ್ನೂ ಸಾಧಿಸಿದರು. ಹೇಗೆ? ಕೈಯನ್ನು ಕಾಲಿಗೇ ತಂದು, ಕಾಲಿನ ಎರಡನೆಯ ಬೆರಳನ್ನು ಹೆಬ್ಬೆರಳಿನ ಜಾಗಕ್ಕೆ ಹೊಲಿದು, ಎರಡನ್ನೂ ವಾರಗಟ್ಟಲೆ ಹಾಗೆಯೇ ಕಟ್ಟಿಟ್ಟು, ಕೈಯಿಂದ ಹೊಸ ರಕ್ತನಾಳಗಳು ಬೆಳೆದ ಮೇಲೆ ಕಾಲಿನಿಂದ ಬಿಡಿಸಿ! ರೋಗಿ ಅಷ್ಟು ದಿನ ಬಗ್ಗಿಕೊಂಡೇ ಇರಬೇಕು. ಯೋಚಿಸಿದರೇ ಬೆನ್ನು ನೋಯುತ್ತದೆ.

ದಾರಿ ತೆರೆದದ್ದು ಮೈಕ್ರೋಸ್ಕೋಪ್. 1960ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಜಾಕೋಬ್‌ಸನ್ ಮತ್ತು ಸುವಾರೆಝ್, ಸುಮಾರು ಒಂದು ಮಿಲಿಮೀಟರ್ ಅಗಲದ ರಕ್ತನಾಳಗಳನ್ನು ಮೈಕ್ರೋಸ್ಕೋಪಿನ ಕೆಳಗೆ ಹೊಲಿದು ತೋರಿಸಿದರು. 1965ರಲ್ಲಿ ಜಪಾನಿನ ನಾರಾದಲ್ಲಿ ಕೊಮತ್ಸು ಮತ್ತು ತಮಾಯಿ, ಪೂರ್ತಿ ತುಂಡಾಗಿದ್ದ ಹೆಬ್ಬೆರಳನ್ನು ಮರುಜೋಡಿಸಿದರು. 1966ರಲ್ಲಿ ಶಾಂಘೈನ ಯಾಂಗ್ ಡೊಂಗ್‌ಯುವೆ ಕಾಲಿನ ಎರಡನೆಯ ಬೆರಳನ್ನು ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಕೈಗೆ ತಂದರು. ಅದೇ ವರ್ಷ ಅಮೆರಿಕದ ಹ್ಯಾರಿ ಬಂಕಿ ಕೋತಿಯಲ್ಲಿ ಕಾಲಿನ ಹೆಬ್ಬೆರಳನ್ನು ಕೈಗೆ ಕಸಿ ಮಾಡಿದ್ದನ್ನು ಪ್ರಕಟಿಸಿದರು. 1968ರಲ್ಲಿ ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್‌ನಲ್ಲಿ ಜಾನ್ ಕಾಬೆಟ್ ಮನುಷ್ಯನ ಕಾಲಿನ ಹೆಬ್ಬೆರಳನ್ನು ಕೈಗೆ ತಂದರು.

ಇವೆಲ್ಲ ಇಡೀ ಬೆರಳಿನ ಮಾತು. ಬರೀ ತುದಿ ಹೋದವರಿಗೆ ಇಡೀ ಬೆರಳು ಬೇಕಿಲ್ಲ, ಹೋದಷ್ಟೇ ಬೇಕು. 1979ರಲ್ಲಿ ಬಂಕಿ ಮತ್ತು ರೋಸ್ ಕಾಲಿನ ಬೆರಳಿನ ಮೆತ್ತೆಯನ್ನು ಮಾತ್ರ ಅದರ ನರ ಮತ್ತು ರಕ್ತನಾಳಗಳ ಜೊತೆ ತೆಗೆದು ಕೈಬೆರಳ ತುದಿಗೆ ಜೋಡಿಸುವ ವಿಧಾನವನ್ನು ಪ್ರಕಟಿಸಿದರು. ಮರುವರ್ಷ ಆಸ್ಟ್ರೇಲಿಯಾದ ಮೆಲ್ಬರ್ನಿನಿಂದ ಮಾರಿಸನ್ ಮತ್ತು ಸಂಗಡಿಗರು ಕಾಲಿನ ಹೆಬ್ಬೆರಳಿನ ಚರ್ಮ ಮತ್ತು ಉಗುರನ್ನು ಸುತ್ತಿ ತಂದು ಕೈಯ ಹೆಬ್ಬೆರಳನ್ನು ಕಟ್ಟುವ ದಾರಿ ತೋರಿದರು. ತೈವಾನಿನ ಫು-ಚಾನ್ ವೇ, ಜಪಾನಿನ ಇಸಾವೊ ಕೊಶಿಮಾ ಇಂಥವರು ಈ ವಿದ್ಯೆಯನ್ನು ಇನ್ನಷ್ಟು ಸೂಕ್ಷ್ಮ ಮಾಡಿದರು. ಮೆತ್ತೆ ಮಾತ್ರ ಬೇಕೇ, ಉಗುರೂ ಬೇಕೇ, ಚೂರು ಮೂಳೆಯೂ ಬೇಕೇ? ಟೈಲರ್ ಅಳತೆ ತೆಗೆದು ಬಟ್ಟೆ ಕತ್ತರಿಸುವಂತೆ ಈಗ ಅಳತೆಗೆ ತಕ್ಕಷ್ಟನ್ನೇ ತೆಗೆಯಬಹುದು.

ಸಾಮಾನ್ಯವಾಗಿ ತೆಗೆಯುವುದು ಎಲ್ಲಿಂದ? ಕಾಲಿನ ಹೆಬ್ಬೆರಳು ಮತ್ತು ಎರಡನೆಯ ಬೆರಳು ಒಂದಕ್ಕೊಂದು ಮುಖ ಮಾಡಿರುವ ಬದಿಗಳಿಂದ. ಅಲ್ಲಿನ ಗಾಯದ ಗುರುತು ಬೆರಳ ಸಂದಿಯಲ್ಲಿ ಮರೆಯಾಗುತ್ತದೆ, ನೆಲಕ್ಕೆ ಒತ್ತುವ ಭಾಗ ಉಳಿಯುತ್ತದೆ. ಒಂದು ಅಪಧಮನಿ, ಒಂದೋ ಎರಡೋ ಅಭಿಧಮನಿ, ಒಂದು ನರ. ಇವನ್ನು ಬೆರಳಿನಲ್ಲಿರುವ ಜೊತೆಗಾರರಿಗೆ ಮೈಕ್ರೋಸ್ಕೋಪಿನಡಿ ಹೊಲಿಯುತ್ತೇವೆ. ಆ ರಕ್ತನಾಳ ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ಸಣ್ಣದು. ನಾವು ಬಳಸುವ ನೈಲಾನ್ ದಾರ ತಲೆಗೂದಲಿಗಿಂತ ತೆಳು. ಕೆಲಸಕ್ಕೆ ನಾಲ್ಕಾರು ಗಂಟೆ ಹಿಡಿಯುತ್ತದೆ.

ಆಮೇಲೆ ಕಾಯುವ ಹೊತ್ತು. ಮೊದಲ ಎರಡು ಮೂರು ದಿನ ನರ್ಸುಗಳು ಗಂಟೆಗೊಮ್ಮೆ ಬಂದು ಬಣ್ಣ ನೋಡುತ್ತಾರೆ. ತುದಿ ಕೆಂಪು ಕೆಂಪಾಗಿದ್ದರೆ ಸರಿ. ಬಿಳಿಚಿಕೊಂಡರೆ ರಕ್ತ ಒಳಗೆ ಬರುತ್ತಿಲ್ಲ, ನೀಲಿಯಾದರೆ ಹೊರಗೆ ಹೋಗುತ್ತಿಲ್ಲ. ಎರಡರಲ್ಲಿ ಯಾವುದಾದರೂ ತಡರಾತ್ರಿಯಲ್ಲೂ ಮತ್ತೆ ಥಿಯೇಟರಿಗೆ ಓಡಬೇಕು. ಚಳಿಗೆ ರಕ್ತನಾಳ ಮುದುಡುತ್ತದೆ. ಹಾಗಾಗಿ ಎಸಿ ಇಲ್ಲದೆ ಉಸಿರಾಡದ ಈ ದೇಶದಲ್ಲಿ ನಮ್ಮ ವಾರ್ಡಿನ ಒಂದು ಕೋಣೆಯ ಎಸಿಯನ್ನು ನಾವು ಆಫ್ ಮಾಡಿಸುತ್ತೇವೆ! ಸಿಗರೇಟು, ಬೀಡಿ, ಶೀಶಾ ಪೂರ್ತಿ ನಿಷೇಧ, ಪಕ್ಕದಲ್ಲಿ ಕೂತವರು ಸೇದುವುದೂ ನಿಷೇಧ. ಒಂದು ಸಿಗರೇಟಿಗೆ ಆರು ಗಂಟೆಯ ಕೆಲಸ ಹಾಳಾಗಬಹುದು. ಅನುಭವಿ ಕೇಂದ್ರಗಳಲ್ಲಿ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಕಸಿಗಳು ಉಳಿಯುತ್ತವೆ. ಎಲ್ಲವೂ ಉಳಿಯುವುದಿಲ್ಲ. ಉಳಿಯದೇ ಹೋದರೆ ಕೈಯಲ್ಲೂ ಗಾಯ, ಕಾಲಲ್ಲೂ ಗಾಯ. ಈ ಮಾತನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ನಾನು ಎಲ್ಲರಿಗೂ ಹೇಳುತ್ತೇನೆ.

ಈಗ ಇಬ್ಬರ ಕಥೆ ಹೇಳುತ್ತೇನೆ. ಇಬ್ಬರೂ ನಮ್ಮವರೇ, ಇಲ್ಲಿ ದುಡಿಯಲು ಬಂದವರೇ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಮೊದಲನೆಯವರು ಹಾವೇರಿ ಕಡೆಯ ಎಸಿ ಮೆಕ್ಯಾನಿಕ್. ಬ್ಲೋವರ್ ಬೆಲ್ಟಿಗೆ ಬಲಗೈ ತೋರುಬೆರಳು ಸಿಕ್ಕಿ ಮೆತ್ತೆಯ ಮುಕ್ಕಾಲು ಭಾಗ ಹೋಗಿತ್ತು. ಹೋದ ತುಂಡು ಜಜ್ಜಿ ಹೋಗಿತ್ತು, ಮತ್ತೆ ಜೋಡಿಸುವಂತಿರಲಿಲ್ಲ. ಕಂಪನಿಯಿಂದ ಜೊತೆಗೆ ಬಂದವರು ಕೇಳಿದ್ದು ಒಂದೇ ಪ್ರಶ್ನೆ: ‘ಬೇಗ ಆಗೋದು ಯಾವುದು ಡಾಕ್ಟರ್?’ ಬೇಗ ಆಗುವುದು ಬೆರಳು ಗಿಡ್ಡ ಮಾಡುವುದು. ನಾನು ಗಾಯಾಳುವನ್ನು ಕೇಳಿದೆ: ‘ಈ ಬೆರಳಿನಿಂದ ನೀವು ಏನು ಮಾಡ್ತೀರಿ?’ ಅವರು ಅಂದರು, ‘ಕೈ ಒಳಗ ಹೋಗತೈತ್ರೀ ಸರ, ಕಣ್ಣು ಹೋಗಂಗಿಲ್ಲ. ಸ್ಕ್ರೂ ಎಲ್ಲೈತಿ, ಸೀಟಿನ ಮ್ಯಾಲ ಕುಂತೈತೋ ಇಲ್ಲೋ, ಎಲ್ಲಾ ಈ ಬೆರಳಾ ಹೇಳಬೇಕು.’ ಹಾಗಾದರೆ ಕಾಲಿನ ದಾರಿಯನ್ನೂ ಹೇಳಲೇಬೇಕು ಎಂದುಕೊಂಡು ವಿವರಿಸಿದೆ.

ಅವರು ಸುಮ್ಮನೆ ಕೇಳಿದರು. ನೋವಿನ ಬಗ್ಗೆ, ಖರ್ಚಿನ ಬಗ್ಗೆ ಪ್ರಶ್ನೆ ಬರುತ್ತದೆಂದು ನಾನು ಕಾಯುತ್ತಿದ್ದೆ. ಬಂದ ಪ್ರಶ್ನೆ ಬೇರೆ. ‘ಕಾಲಿನ ಬೆರಳು ಕೈಗೆ ಬಂದ್ರ, ಅದ ಕೈಯಾಗ ಊಟ ಹ್ಯಾಂಗ ಮಾಡೋದ್ರೀ ಸರ? ದೇವರಿಗೆ ಹೂವ ಹ್ಯಾಂಗ ಏರಿಸೋದು?’

ನಗಬೇಡಿ. ಯಾರಿಗಾದರೂ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಚರ್ಮ ಒಂದೇ, ರಕ್ತ ಒಂದೇ ಎಂದು ನಾನು ಹೇಳಿದ್ದು ಅವರಿಗೆ ತಾಗಲಿಲ್ಲ. ‘ಊರಿಗೆ ಫೋನ್ ಮಾಡ್ತೀನ್ರೀ’ ಅಂದರು. ವಿಡಿಯೊ ಕಾಲಿನಲ್ಲಿ ಅವರ ಅವ್ವ ಬಂದರು. ಮಗ ವಿಷಯ ಹೇಳಿದ. ಆಕೆ ಸ್ವಲ್ಪ ಹೊತ್ತು ಆ ಕಟ್ಟಿದ ಕೈಯನ್ನೇ ನೋಡಿ ಹೇಳಿದರು: ‘ಸಣ್ಣಾವಿದ್ದಾಗ ನಿನ್ನ ಕೈನೂ ನಾನ ತೊಳದೀನಿ, ಕಾಲೂ ನಾನ ತೊಳದೀನಿ. ನನಗೇನ ಬ್ಯಾರೆ ಕಂಡಿಲ್ಲ. ದುಡ್ಯಾ ಕೈ ಅದು, ಮಾಡಿಸ್ಕೋ.’

ಕಾಲಿನ ಹೆಬ್ಬೆರಳ ಬದಿಯಿಂದ ಮೆತ್ತೆ ತೆಗೆದು ಜೋಡಿಸಿದೆವು. ಮೊದಲ ವಾರಗಳಲ್ಲಿ ಅದು ಕೈಗೆ ಅಂಟಿಸಿದ ರಬ್ಬರಿನಂತೆ ಇತ್ತು ಎಂದರು. ಕತ್ತರಿಸಿ ಹೊಲಿದ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಮೂರನೆಯ ತಿಂಗಳಿಗೆ ಇರುವೆ ಹರಿದಂತೆ ಶುರುವಾಯಿತು. ಆಮೇಲೆ ಬಿಸಿ, ತಣ್ಣಗೆ. ಆಮೇಲೆ ಬಟ್ಟೆಯ ಒರಟು. ಎಂಟನೆಯ ತಿಂಗಳಿಗೆ ನನ್ನ ಕೋಣೆಗೆ ಬಂದವರು ಜೇಬಿನಿಂದ ಎರಡು ಸ್ಕ್ರೂ ತೆಗೆದು, ಕಣ್ಣು ಮುಚ್ಚಿ, ಯಾವುದರ ಎಳೆ ಸವೆದಿದೆಯೆಂದು ಬೆರಳಲ್ಲೇ ಹೇಳಿದರು. ಕಾಲಿನಲ್ಲಿದ್ದಾಗ ಆ ಚರ್ಮಕ್ಕೆ ಇಷ್ಟು ಸೂಕ್ಷ್ಮ ಇರಲಿಲ್ಲ. ಕೈಯ ನರಕ್ಕೆ ಸೇರಿ, ದಿನವೂ ಕೈಯ ಕೆಲಸ ಮಾಡಿ, ಮೆದುಳಿನಲ್ಲಿ ಕೈಬೆರಳಿನ ಜಾಗ ಹಿಡಿದ ಮೇಲೆ ಅದು ಕಾಲಿನಲ್ಲಿ ಇದ್ದದ್ದಕ್ಕಿಂತ ಚುರುಕಾಗುತ್ತದೆ. ಇದನ್ನು ಕೈಯ ಶಸ್ತ್ರಚಿಕಿತ್ಸಕರು ಬಹಳ ಕಡೆ ಕಂಡಿದ್ದಾರೆ. ವಲಸೆ ಬಂದು ಕಲಿತುಕೊಂಡ ನಮ್ಮ ಹಾಗೆಯೇ!

ಒಂದು ತಮಾಷೆಯೂ ಆಯಿತು. ಕ್ಯಾಂಪಿನ ಹಾಜರಿ ಯಂತ್ರ ಅವರ ಬೆರಳನ್ನು ಒಪ್ಪಲಿಲ್ಲ. ಕಾಲಿನ ಬೆರಳಿಗೂ ಗೆರೆಗಳಿವೆ, ಆದರೆ ಗೆರೆಯ ವಿನ್ಯಾಸ ಬೇರೆ. ಬೇರೆ ಬೆರಳನ್ನು ನೋಂದಾಯಿಸಬೇಕಾಯಿತು. ಊಟದ ಮಾತು? ನಾನು ಕೇಳಲಿಲ್ಲ. ಅವರೇ ಊರಿಂದ ಬಂದ ಜೋಳದ ರೊಟ್ಟಿ ತಂದು ನನ್ನ ಮುಂದೆಯೇ ಮುರಿದು ತಿಂದರು. ಕಾಲಿನ ಗಾಯದ ಜಾಗ ಶೂ ಬಿಗಿಯಾದರೆ ಈಗಲೂ ಚುರುಗುಟ್ಟುತ್ತದೆ. ತಣ್ಣನೆಯ ಪೈಪು ಹಿಡಿದರೆ ಬೆರಳು ನೋಯುತ್ತದೆ. ಸಾಲಕ್ಕೆ ಬಡ್ಡಿ ಅಂತ ಇದ್ದೇ ಇರುತ್ತದೆ.

ಎರಡನೆಯವರು ಪುತ್ತೂರು ಕಡೆಯವರು. ಇಲ್ಲಿ ಒಂದು ಕೆಫೆಟೇರಿಯಾದಲ್ಲಿ ಅಡುಗೆ. ಸ್ಲೈಸರಿಗೆ ಎಡಗೈ ತೋರುಬೆರಳ ತುದಿ ಹೋಗಿತ್ತು, ಹೆಚ್ಚುಕಡಿಮೆ ಅದೇ ಪ್ರಮಾಣದ ಗಾಯ. ಹಿಂದಿನ ಯಶಸ್ಸಿನ ಹುಮ್ಮಸ್ಸಿನಲ್ಲಿದ್ದ ನಾನು ಕಾಲಿನ ಕಸಿಯ ಬಗ್ಗೆಯೇ ಹೆಚ್ಚು ಹೇಳಿದೆ. ಅವರು ಕೇಳಿ ತಲೆಯಾಡಿಸಿದರು. ‘ಡಾಕ್ಟ್ರೇ, ನಾನು ಇಲ್ಲಿ ಇರುವುದು ಇನ್ನು ಎರಡು ವರ್ಷ. ಊರಲ್ಲಿ ಅಡಿಕೆ ತೋಟ ಉಂಟು. ಮರ ಹತ್ತುವವ ನಾನೇ. ಕಾಲಿಗೆ ತಳೆ ಹಾಕಿಕೊಂಡು ಮೇಲೆ ಹೋಗುವಾಗ ಹಿಡಿದುಕೊಳ್ಳುವುದು ಕೈ ಮಾತ್ರ ಅಲ್ಲ, ಕಾಲಿನ ಬೆರಳು ಸಹ. ಎಡಗೈಯ ಒಂದು ಬೆರಳು ಸ್ವಲ್ಪ ಕಡಿಮೆ ಆದರೆ ತೊಂದರೆ ಇಲ್ಲ. ಕಾಲು ಮುಟ್ಟಬೇಡಿ.’

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಪಕ್ಕದ ಬೆರಳಿನ ಹಿಂಬದಿಯ ಚರ್ಮವನ್ನು ಪುಟದಂತೆ ಮಗುಚಿ ತುದಿಗೆ ಹೊದಿಸಿ, ಎರಡು ಮೂರು ವಾರದ ನಂತರ ಬೇರ್ಪಡಿಸುವ ಹಳೆಯ ವಿಧಾನವನ್ನೇ ಮಾಡಿದೆವು. ಸ್ಪರ್ಶ ಅಷ್ಟು ಚುರುಕಾಗಿಲ್ಲ, ಉದ್ದ ಉಳಿದಿದೆ. ಅವರಿಗೆ ಸಾಕಾಗಿತ್ತು. ಟೈಲರ್‌ಗೆ ನಾನು ಪ್ರಶ್ನೆ ಕೇಳದೆ ತಪ್ಪು ಮಾಡಿದ್ದೆ. ಇವರ ವಿಷಯದಲ್ಲಿ ಉತ್ತರ ನನಗೆ ಗೊತ್ತಿದೆ ಎಂದುಕೊಂಡು ಮತ್ತೆ ತಪ್ಪು ಮಾಡಲಿದ್ದೆ. ಅವರೇ ತಡೆದರು.

ಆದ್ದರಿಂದ ಎಲ್ಲ ಗಾಯಕ್ಕೂ ಕಾಲಿನ ಬೆರಳು ಬೇಡ. ಮೂಳೆ ಕಾಣದ, ಒಂದು ಸೆಂಟಿಮೀಟರಿಗಿಂತ ಚಿಕ್ಕ ಗಾಯ ಸರಿಯಾದ ಪಟ್ಟಿ ಕಟ್ಟಿದರೆ ಕೆಲವು ವಾರಗಳಲ್ಲಿ ತಾನಾಗಿಯೇ ತುಂಬಿಕೊಳ್ಳುತ್ತದೆ, ಸ್ಪರ್ಶವೂ ಚೆನ್ನಾಗಿ ಬರುತ್ತದೆ. ಸ್ವಲ್ಪ ದೊಡ್ಡದಾದರೆ ಅದೇ ಬೆರಳಿನ ಚರ್ಮವನ್ನು ತ್ರಿಕೋನವಾಗಿ ಬಿಡಿಸಿ ಮುಂದಕ್ಕೆ ಸರಿಸಬಹುದು. ಓರೆಯಾಗಿ ತುಂಡಾದ ತುದಿಗೆ ಇಂಥದ್ದೊಂದು ಓರೆ ತ್ರಿಕೋನದ ವಿಧಾನವನ್ನು 1980ರಲ್ಲಿ ಜಗತ್ತಿಗೆ ಕೊಟ್ಟವರು ಚೆನ್ನೈನ ಸ್ಟ್ಯಾನ್ಲಿ ಆಸ್ಪತ್ರೆಯ ವೆಂಕಟಸ್ವಾಮಿ ಮತ್ತು ಸುಬ್ರಮಣಿಯನ್. ಇವತ್ತಿಗೂ ಅವರ ಹೆಸರಿನಲ್ಲೇ ಅದನ್ನು ನಾವು ಮಾಡುತ್ತೇವೆ. ಹೆಬ್ಬೆರಳು, ತೋರುಬೆರಳುಗಳ ಮೆತ್ತೆ ದೊಡ್ಡದಾಗಿ ಹೋಗಿದ್ದು, ಸ್ಪರ್ಶದಿಂದಲೇ ಅನ್ನ ತಿನ್ನುವವರಿಗೆ ಕಾಲಿನ ಕಸಿಯ ಮಾತು ಬರುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ಕಾಲಿನ ರಕ್ತಸಂಚಾರ ಚೆನ್ನಾಗಿಲ್ಲದವರಿಗೆ, ಸಿಗರೇಟು ಬಿಡಲಾರದವರಿಗೆ ನಾವೇ ಬೇಡವೆನ್ನುತ್ತೇವೆ.

ಇನ್ನು ಅಪಘಾತವಾದ ಕ್ಷಣದಲ್ಲಿ ಏನು ಮಾಡಬೇಕು? ಎಲ್ಲಕ್ಕಿಂತ ಒಳ್ಳೆಯ ಬದಲಿ ತುಂಡೆಂದರೆ ನಿಮ್ಮದೇ ಹೋದ ತುಂಡು. ಅದು ಚೆನ್ನಾಗಿದ್ದರೆ ಕಾಲನ್ನು ಮುಟ್ಟುವ ಅಗತ್ಯವೇ ಬೀಳದಿರಬಹುದು. ಆದ್ದರಿಂದ ಮೊದಲು ಯಂತ್ರ ನಿಲ್ಲಿಸಿ, ತುಂಡನ್ನು ಹುಡುಕಿ. ಗ್ಲೌಸಿನ ಒಳಗೂ ನೋಡಿ, ಎಷ್ಟೋ ಸಲ ಅಲ್ಲೇ ಉಳಿದಿರುತ್ತದೆ. ಅದನ್ನು ಉಜ್ಜಬೇಡಿ. ಸಲೈನ್ ಅಥವಾ ಶುದ್ಧ ನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ಇರುವ ಇನ್ನೊಂದು ಚೀಲದಲ್ಲಿಡಿ. ತುಂಡು ನೇರವಾಗಿ ಐಸಿಗೆ ತಾಗಬಾರದು. ತಾಗಿದರೆ ಹೆಪ್ಪುಗಟ್ಟಿ ಸಾಯುತ್ತದೆ. ನೀರಿನಲ್ಲಿ, ಹಾಲಿನಲ್ಲಿ ಮುಳುಗಿಸಿಡಬೇಡಿ. ಬೆರಳಿಗೆ ಹೀಗೆ ತಂಪಿನಲ್ಲಿಟ್ಟರೆ ಹಲವು ಗಂಟೆಗಳ ಸಮಯ ಸಿಗುತ್ತದೆ. ಗಾಯದ ಮೇಲೆ ಶುದ್ಧ ಬಟ್ಟೆ ಒತ್ತಿ ಹಿಡಿದು ಕೈಯನ್ನು ಎತ್ತಿ ಹಿಡಿಯಿರಿ. ಬೆರಳಿನ ಬುಡಕ್ಕೆ ದಾರ ಬಿಗಿಯಬೇಡಿ. ಉಂಗುರವಿದ್ದರೆ ಊದಿಕೊಳ್ಳುವ ಮೊದಲೇ ತೆಗೆಯಿರಿ. ಕಾಫಿಪುಡಿ, ಅರಿಸಿನ, ಸುಣ್ಣ, ಟೂತ್‌ಪೇಸ್ಟು ಯಾವುದೂ ಬೇಡ. ಅದನ್ನೆಲ್ಲ ತೊಳೆಯುವಷ್ಟರಲ್ಲಿ ಒಳ್ಳೆಯ ಚರ್ಮವೂ ಹೋಗುತ್ತದೆ. ಈ ದೇಶದಲ್ಲಿ ಆಂಬುಲೆನ್ಸ್ ಸಂಖ್ಯೆ 998.

ಆಸ್ಪತ್ರೆಗೆ ಹೋದ ಮೇಲೆ ನಾಲ್ಕು ಪ್ರಶ್ನೆ ಕೇಳಿ. ತುಂಡನ್ನು ಮತ್ತೆ ಜೋಡಿಸಬಹುದೇ? ಆಗದಿದ್ದರೆ ಉದ್ದ ಉಳಿಸುವ ದಾರಿಗಳು ಯಾವುವು? ಕೈಯ ಶಸ್ತ್ರಚಿಕಿತ್ಸೆ, ಮೈಕ್ರೋಸರ್ಜರಿ ಮಾಡುವವರು ನೋಡಬೇಕೇ, ಎಲ್ಲಿದ್ದಾರೆ? ಇವತ್ತೇ ಮೂಳೆ ಕತ್ತರಿಸಲೇಬೇಕೇ, ಅಥವಾ ತೊಳೆದು ಪಟ್ಟಿ ಕಟ್ಟಿ ಒಂದೆರಡು ದಿನ ಯೋಚಿಸಬಹುದೇ? ಹೆಚ್ಚಿನ ತುದಿಯ ಗಾಯಗಳಲ್ಲಿ ಯೋಚಿಸಲು ಅಷ್ಟು ಸಮಯ ಇರುತ್ತದೆ. ಮತ್ತು ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: ನಾನು ಇಂಥ ಕೆಲಸ ಮಾಡುವವನು, ಈ ಬೆರಳು ಇಂಥದ್ದಕ್ಕೆ ಬೇಕು, ಊರಿಗೆ ಹೋದ ಮೇಲೆ ಹೀಗೆ ಬದುಕುತ್ತೇನೆ.

‘ಬೇಗ ಆಗೋದು ಯಾವುದು’ ಎಂಬ ಪ್ರಶ್ನೆಯ ಹಿಂದೆ ಸಂಬಳದ ಹೆದರಿಕೆ ಇರುತ್ತದೆಂದು ನನಗೆ ಗೊತ್ತು. ಬೆರಳು ಗಿಡ್ಡ ಮಾಡಿಸಿಕೊಂಡರೆ ಕೆಲವೇ ವಾರಗಳಲ್ಲಿ ಕೆಲಸಕ್ಕೆ ಮರಳಬಹುದು. ಕಾಲಿನ ಕಸಿಗೆ ಸರಿಯಾದ ಕೆಲಸಕ್ಕೆ ಮರಳಲು ಎರಡು ಮೂರು ತಿಂಗಳು ಬೇಕಾಗಬಹುದು. ಹಾಗಾಗಿ ಇದನ್ನು ನೆನಪಿಡಿ. ಇಲ್ಲಿನ ಖಾಸಗಿ ವಲಯದ ಕಾರ್ಮಿಕ ಕಾನೂನು, ಅಂದರೆ 2021ರ 33ನೇ ಸಂಖ್ಯೆಯ ಫೆಡರಲ್ ಕಾನೂನು, ಕೆಲಸದಲ್ಲಿ ಆದ ಗಾಯದ ಚಿಕಿತ್ಸೆಯ ಖರ್ಚನ್ನು ಮಾಲೀಕರ ಮೇಲೆ ಹಾಕಿದೆ. ಚಿಕಿತ್ಸೆಯ ಅವಧಿಯಲ್ಲಿ ಆರು ತಿಂಗಳವರೆಗೆ ಪೂರ್ತಿ ಸಂಬಳ, ಇನ್ನೂ ಗುಣವಾಗದಿದ್ದರೆ ಮುಂದಿನ ಆರು ತಿಂಗಳವರೆಗೆ ಅರ್ಧ ಸಂಬಳ ಕೊಡಬೇಕೆಂದು ಹೇಳಿದೆ. ಅಪಘಾತ ಕೆಲಸದ ಜಾಗದಲ್ಲಿ ಆದದ್ದೆಂದು ಆಸ್ಪತ್ರೆಯ ಕಾಗದದಲ್ಲಿ ಮೊದಲ ದಿನವೇ ಬರೆಸಿಕೊಳ್ಳಿ. ಭಾಷೆ ತೊಡಕಾದರೆ ಈ ಸಂಘದ ಯಾರಿಗಾದರೂ ಫೋನ್ ಮಾಡಿ. ಸಂಘಗಳು ರಾಜ್ಯೋತ್ಸವಕ್ಕೆ ಎಷ್ಟು ಬೇಕೋ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಎರಡು ಮಾತು ತರ್ಜುಮೆ ಮಾಡುವುದಕ್ಕೂ ಅಷ್ಟೇ ಬೇಕು. ಪದಾಧಿಕಾರಿಗಳಲ್ಲಿ ಇದು ನನ್ನ ವಿನಂತಿ.

ಆ ಟೈಲರ್ ಈಗ ಎಲ್ಲಿದ್ದಾರೋ ನನಗೆ ಗೊತ್ತಿಲ್ಲ. ಅಂಗಡಿ ಬಿಟ್ಟರೆಂದು ಯಾರೋ ಹೇಳಿದರು. ಅವರಿಗೆ ನಾನು ಕೊಡಬೇಕಾಗಿದ್ದ ಸಾಲವನ್ನು ತೀರಿಸಲು ಈಗ ದಾರಿಯಿಲ್ಲ. ಆದರೆ ಅಂದಿನಿಂದ ನನ್ನ ರೋಗಿಗಳ ಕಾಗದದಲ್ಲಿ ಹೆಸರಿನ ಕೆಳಗೆ, ವಯಸ್ಸಿಗಿಂತ ಮೊದಲು, ಒಂದು ಸಾಲು ಬಿಟ್ಟಿರುತ್ತೇನೆ: ಕೈಗೆ ಏನು ಕೆಲಸ? ನಾಳೆ ನಿಮ್ಮಲ್ಲಿ ಯಾರಿಗೂ ಆ ಸಾಲು ತುಂಬುವ ಪ್ರಸಂಗ ಬಾರದಿರಲಿ. ಬಂದರೆ ನಾಚಿಕೆಯಿಲ್ಲದೆ, ವಿವರವಾಗಿ ತುಂಬಿಸಿ.

ನಾಳೆ ಬೆಳಿಗ್ಗೆ ಯಂತ್ರದ ಗಾರ್ಡ್ ಹಾಕಿದೆಯೋ ಇಲ್ಲವೋ ನೋಡಿಯೇ ಸ್ವಿಚ್ ಒತ್ತಿ.